ಜಾಗಣ್ಣ ಸೇರಿಸಿದ ಜನ

ನನ್ನ ಸೋದರಮಾವನ ನಿಜವಾದ ಹೆಸರು ನಮ್ಮ ಬೀದಿಯ ಅರ್ಧ ಜನಕ್ಕೆ ಗೊತ್ತಿಲ್ಲ. ಬಸ್ ಕಂಡಕ್ಟರಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲೇ ಡಿಪೋದವರು ಅವನನ್ನು ಜಾಗಣ್ಣ ಎಂದು ಕರೆದರು. ನಿವೃತ್ತನಾದ ಮೇಲೂ ಅದೇ ಅಂಟಿಕೊಂಡಿತು. ಬಸ್ಸಿನೊಳಗೆ ಜನ ಬೆಂಕಿಪೊಟ್ಟಣದ ಕಡ್ಡಿಗಳ ಹಾಗೆ ಒತ್ತಿಕೊಂಡು ನಿಂತಿದ್ದರೂ, ಸ್ಟಾಪಿನಲ್ಲಿ ಒಂದು ತಲೆ ಕಂಡರೆ ಸಾಕು, ಮಾವ ಬಾಗಿಲಿನಿಂದ ಅರ್ಧ ಮೈ ಹೊರಗೆ ಚಾಚಿ 'ಜಾಗ ಇದೆ, ಬನ್ನಿ' ಎನ್ನುತ್ತಿದ್ದ. ಹತ್ತಿದವರು ಜಾಗ ಎಲ್ಲಿ ಎಂದು ಕೇಳಿದರೆ, 'ಆಗುತ್ತೆ, ಸ್ವಲ್ಪ ಉಸಿರು ಬಿಡಿ' ಎನ್ನುತ್ತಿದ್ದ. ಅದು ಸಮಾಧಾನವೋ ಸೂಚನೆಯೋ ಯಾರಿಗೂ ತಿಳಿಯುತ್ತಿರಲಿಲ್ಲ.

ಹೀಗೆ ಮಾವ ತುಂಬುತ್ತಾ ಹೋದ ಬಸ್ಸನ್ನು ಓಡಿಸುತ್ತಿದ್ದವರು ಗುಡುಗಪ್ಪ. ಅದೂ ಡಿಪೋದವರು ಇಟ್ಟ ಹೆಸರೇ. ಇಬ್ಬರೂ ಒಂದೇ ರೂಟಿನಲ್ಲಿ ಒಟ್ಟಿಗೆ ಮುದುಕರಾದರು. ಗುಡುಗಪ್ಪ ಸ್ಟೀರಿಂಗ್ ಹಿಡಿದು ಕೂತರೆ ಕತ್ತು ತಿರುಗಿಸಿದವರಲ್ಲ. ಹಿಂದೆ ಯಾರು ಜಗಳ ಆಡುತ್ತಿದ್ದಾರೆ, ಯಾರು ಕಾಲು ಚಾಚಿ ದಾರಿ ಕಟ್ಟಿದ್ದಾರೆ, ಯಾರ ಮಗು ಯಾಕೆ ಅಳುತ್ತಿದೆ ಎಲ್ಲವೂ ಕಿವಿಯಿಂದಲೇ ತಿಳಿಯುತ್ತಿತ್ತು. ತೀರ್ಪನ್ನು ಮುಂದಿನ ಗಾಜಿಗೆ ಹೇಳುತ್ತಿದ್ದರು. ಹಿಂದಿನ ಸೀಟಿನವರು ನೆಟ್ಟಗೆ ಕೂರುತ್ತಿದ್ದರು. ಅತಿ ಹೆಚ್ಚು ಬೈಗುಳ ತಿಂದವನು ನನ್ನ ಮಾವನೇ. ಅವನಿಗೆ ಅದು ಬಸ್ಸಿನ ಇಂಜಿನ್ ಸದ್ದಿನ ಹಾಗೆ. ನಿಂತರೆ ಮಾತ್ರ ಗಾಬರಿ.

ಕಳೆದ ವರ್ಷ ಅದು ನಿಂತೇಹೋಯಿತು. ಗುಡುಗಪ್ಪನವರಿಗೆ ಲಕ್ವ ಹೊಡೆಯಿತು. ಕೈಕಾಲು ನಿಧಾನವಾಗಿ ಹಿಡಿತಕ್ಕೆ ಬಂದವು, ಮಾತು ಬರಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಹೇಳಬೇಕಾದ ಪದ ಮಾತ್ರ ಗಂಟಲಿನವರೆಗೆ ಬಂದು ದಾರಿ ತಪ್ಪುತ್ತಿತ್ತು. ಕಣ್ಣಿನ ಆಸ್ಪತ್ರೆಯೊಂದರಲ್ಲಿ ಕನ್ನಡಕದ ನಂಬರ್ ನೋಡುವ ಮಗಳು ಅಪ್ಪನನ್ನು ತನ್ನ ಊರಿಗೆ ಕರೆದುಕೊಂಡು ಹೋದಳು. ಅಲ್ಲಿಂದ ಎಷ್ಟೋ ದೂರದಲ್ಲಿರುವ, ಮಾತು ಮರಳಿ ಕಲಿಸುವ ಮೇಡಂ ಒಬ್ಬರನ್ನು ಗೊತ್ತುಮಾಡಿದಳು. ಪಾಠವೆಲ್ಲ ವಿಡಿಯೋ ಮೀಟಿಂಗಿನಲ್ಲಿ. ಮೇಡಂ ತೆರೆಯ ಮೇಲೆ ಲೋಟದ ಚಿತ್ರ ಹಿಡಿಯುವರು, ಬೀಗದ ಕೈ ಹಿಡಿಯುವರು, ನಾಯಿ ಹಿಡಿಯುವರು. ಗುಡುಗಪ್ಪ ಕಿಟಕಿಯ ಕಡೆ ನೋಡುವರು. ತಿಂಗಳುಗಟ್ಟಲೆ ಕಲಿಸಿದರೂ ಬಾಯಿಂದ 'ಹೂಂ' ಬಿಟ್ಟು ಬೇರೇನೂ ಹೊರಡಲಿಲ್ಲ. ಕೊನೆಗೆ ಮೇಡಂ, ಇವರು ದಿನಾ ಮಾತಾಡುತ್ತಿದ್ದವರು ಯಾರಾದರೂ ಇದ್ದಾರೆಯೇ, ಅವರನ್ನೂ ಮೀಟಿಂಗಿಗೆ ಕರೆದು ನೋಡೋಣ ಎಂದರಂತೆ. ಹಾಗೆ ಮಗಳು ಮಾವನ ಫೋನಿಗೆ ಲಿಂಕ್ ಕಳಿಸಿದಳು.

ಲಿಂಕ್ ಬಂದ ತಕ್ಷಣ ಮಾವ ಮೆಟ್ಟಿಲು ಹತ್ತಿ ನನ್ನ ಮನೆಗೆ ಬಂದ. ನಾನು ಅವನ ಮನೆಯ ಮೇಲಿನ ಮಹಡಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿರುವವಳು. ಬೀದಿಯ ಮುದುಕರ ಫೋನುಗಳಿಗೆಲ್ಲ ನಾನೇ ವೈದ್ಯೆ. ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಎಂದು ತೋರಿಸಿಕೊಟ್ಟೆ. ಮೊದಲ ಮೀಟಿಂಗಿನ ದಿನ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅಡುಗೆಮನೆಯ ಮೇಜಿನ ಮೇಲೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೂತ. ಗೆಳೆಯನ ಮುಖ ಕಂಡದ್ದೇ ತಡ, ಬಸ್ಸಿನ ಹಿಂಬಾಗಿಲಿನಿಂದ ಮುಂದಕ್ಕೆ ಕೂಗಿ ಅಭ್ಯಾಸವಾದ ಗಂಟಲಿನಲ್ಲಿ ಶುರುಮಾಡಿದ. ಹಳೆಯ ರೂಟು, ಹೊಸ ಬಸ್‌ಸ್ಟ್ಯಾಂಡು, ಅತ್ತೆಯ ಮೊಣಕಾಲು ನೋವು, ಯಾವುದನ್ನೂ ಬಿಡಲಿಲ್ಲ. ಮೇಡಂ ಎರಡು ಸಲ ಕೈ ಎತ್ತಿ ನೋಡಿ, ಕೊನೆಗೆ ಅವನ ಮೈಕ್ ಮುಚ್ಚಿಬಿಟ್ಟರು. ಮಾವನಿಗೆ ಅದು ತಿಳಿಯಲೇ ಇಲ್ಲ. ಮೀಟಿಂಗ್ ಮುಗಿದ ಮೇಲೆ, ಎಲ್ಲರೂ ಎಷ್ಟು ಚೆನ್ನಾಗಿ ಕೇಳಿಸಿಕೊಂಡರು ನೋಡು ಎಂದು ನನ್ನ ಮುಂದೆ ಹೊಗಳಿದ.

ಆದರೆ ಅವನಿಗೆ ಒಂದು ಕೊರಗು ಉಳಿಯಿತು. ತೆರೆಯಲ್ಲಿ ಇದ್ದದ್ದು ನಾಲ್ಕೇ ಮುಖ. ಇಷ್ಟು ದೊಡ್ಡ ಮೀಟಿಂಗು, ಇಷ್ಟೊಂದು ಖಾಲಿ. ಒಂದು ಮಧ್ಯಾಹ್ನ ನಾನು ಕಾಲರ್ ಕತ್ತರಿಸುತ್ತಿದ್ದಾಗ ಬಂದು, ಇದರಲ್ಲಿ ಬೇರೆಯವರನ್ನು ಹತ್ತಿಸಲು ಆಗುವುದಿಲ್ಲವೇ ಎಂದು ಕೇಳಿದ. ಮೇಡಂ ಎಲ್ಲರಿಗೂ ಆ ಅನುಮತಿ ಬಿಟ್ಟಿದ್ದರೆ ಆಗುತ್ತದೆ ಎಂದು, ಜನರನ್ನು ಸೇರಿಸುವ ಗುಂಡಿ ತೋರಿಸಿದೆ. ಅನುಮತಿ ಇತ್ತು. ಮಾವನ ಮುಖ ಅರಳಿತು.

ಮುಂದಿನ ಮೀಟಿಂಗಿನಲ್ಲಿ ಡಿಪೋದ ಹಳೆಯ ಮೆಕ್ಯಾನಿಕ್ ಪ್ರತ್ಯಕ್ಷನಾದ. ಇವರು ಯಾರು ಎಂದು ಮೇಡಂ ಕೇಳಿದರು.

"ನಮ್ಮವನೇ ಮೇಡಂ. ಸೀಟು ಕೇಳಲ್ಲ, ನಿಂತ್ಕೊಂಡೇ ಬರ್ತಾನೆ" ಎಂದ ಮಾವ.

ಮೇಡಂ ನಕ್ಕುಬಿಟ್ಟರು. ಆ ನಗುವೇ ತಪ್ಪಾಯಿತು. ಅದರ ಮುಂದಿನ ಸಲ ಡಿಪೋ ಕ್ಯಾಂಟೀನಿನಲ್ಲಿ ಟೀ ಹಾಕುತ್ತಿದ್ದ ಅಕ್ಕನನ್ನು ಕರೆಯಲು ಹೋದ ಮಾವ, ಕನ್ನಡಕ ಹುಡುಕುವ ಸೋಮಾರಿತನಕ್ಕೆ, ಲಿಂಕನ್ನು ಅಕ್ಕನ ಬದಲು ನಿವೃತ್ತ ನೌಕರರ ಗುಂಪಿಗೆ ಕಳಿಸಿಬಿಟ್ಟ. ಆ ಗುಂಪಿನವರಿಗೆ ದಿನವಿಡೀ ಇರುವ ಕೆಲಸವೆಂದರೆ ಯಾರಾದರೂ ಏನಾದರೂ ಕಳಿಸುವುದನ್ನು ಕಾಯುವುದು.

ಅವತ್ತು ನಾನು ಮಾವನ ಪಕ್ಕದಲ್ಲೇ ಇದ್ದೆ. ಮೊದಲು ಒಬ್ಬರ ಹಣೆ ಬಂತು. ಆಮೇಲೆ ಯಾರದೋ ಕಿವಿಯ ಒಳಭಾಗ. ಆ ಪುಣ್ಯಾತ್ಮರು ಫೋನನ್ನು ಕಿವಿಗೇ ಇಟ್ಟುಕೊಂಡಿದ್ದರು. ಒಬ್ಬರು ತಲೆಕೆಳಗಾಗಿ ಬಂದರು, ಒಬ್ಬರು ಊಟದ ತಟ್ಟೆಯ ಜೊತೆ ಬಂದರು, ಒಬ್ಬರ ಮನೆಯ ಫ್ಯಾನು ಮಾತ್ರ ಬಂದು ಕೊನೆಯವರೆಗೂ ತಿರುಗಿತು. ತೆರೆ ಚೂರುಚೂರಾಗಿ, ಮುಖಗಳು ಅಂಗಿಯ ಗುಂಡಿಯಷ್ಟಾದವು. ಎಲ್ಲರೂ ಒಟ್ಟಿಗೆ 'ಗುಡುಗಪ್ಪ ಹೇಗಿದ್ದೀಯೋ' ಎಂದರು. ಎಲ್ಲರೂ ಒಟ್ಟಿಗೆ 'ನೀವು ಮೊದಲು ಮಾತಾಡಿ' ಎಂದರು. ಆಮೇಲೆ ಎಲ್ಲರೂ ಒಟ್ಟಿಗೆ ಸುಮ್ಮನಾದರು. ಯಾರೋ ಹೆಂಡತಿಗೆ 'ಅಯ್ಯೋ ಪಾಪ, ಗುರುತೇ ಸಿಗಲ್ಲ ಕಣೇ' ಎಂದು ಹೇಳಿದ್ದು ಆ ನಿಶ್ಶಬ್ದದಲ್ಲಿ ಎಲ್ಲರಿಗೂ ಕೇಳಿಸಿತು. ಗುಡುಗಪ್ಪನವರಿಗೂ ಕೇಳಿಸಿತು. ಅವರು ಕಣ್ಣು ಮುಚ್ಚಿ, ಕೈಯಿಂದ ಮುಖ ಮುಚ್ಚಿಕೊಂಡರು. ಮಗಳು ಫೋನ್ ಆರಿಸಿದಳು. ಮಿಕ್ಕವರು ಸ್ವಲ್ಪ ಹೊತ್ತು ತಮ್ಮ ತಮ್ಮಲ್ಲೇ ಕುಶಲ ವಿಚಾರಿಸಿಕೊಂಡು ಇಳಿದುಹೋದರು.

ಸಂಜೆ ಮೇಡಂ ಮಾವನಿಗೆ ಫೋನ್ ಮಾಡಿದರು. ಗದರಲಿಲ್ಲ. ಗದರಿದ್ದರೆ ಮಾವ ತಡೆದುಕೊಳ್ಳುತ್ತಿದ್ದ, ಅವನಿಗೆ ಅದರ ಅನುಭವ ಇತ್ತು. ಪದ ಹುಡುಕುತ್ತಿರುವ ಮನುಷ್ಯನಿಗೆ ಒಂದು ಸಲಕ್ಕೆ ಒಂದು ದನಿಯೇ ಭಾರ, ನೀವು ಸಂತೆ ತಂದು ಸುರಿದಿರಿ ಎಂದು ತಣ್ಣಗೆ ಹೇಳಿದರು. ಗುಡುಗಪ್ಪ ಅವತ್ತು ಊಟಕ್ಕೂ ಎದ್ದಿರಲಿಲ್ಲವಂತೆ. ಸದ್ಯಕ್ಕೆ ಮೀಟಿಂಗಿಗೆ ಬರಬೇಡಿ ಎಂದರು. ಹೊಸಬರನ್ನು ಸೇರಿಸುವ ಅನುಮತಿಯನ್ನೂ ಎಲ್ಲರಿಂದ ವಾಪಸ್ ತೆಗೆದುಕೊಂಡರು.

ಮಾವ ಇಂಗು ತಿಂದ ಮಂಗನಂತಾದ. ಅಂಗಿಗೆ ಇಸ್ತ್ರಿ ಇಲ್ಲ, ಬೀದಿಯ ತುದಿಯವರೆಗಿನ ವಾಕಿಂಗ್ ಇಲ್ಲ. ಸಕ್ಕರೆ ಡಬ್ಬಿಯ ಎದುರು ಸುಮ್ಮನೆ ಕೂತಿರುತ್ತಿದ್ದ. ನಾನು ಏನೋ ಸಮಾಧಾನ ಹೇಳಲು ಹೋದರೆ, ಇಷ್ಟು ವರ್ಷದಲ್ಲಿ ಗುಡುಗಪ್ಪನಿಗೆ ತನ್ನಿಂದ ಬೇಜಾರಾಗಿದ್ದುಂಟು, ನೋವಾಗಿರಲಿಲ್ಲ ಎಂದ.

ಅದಕ್ಕೆ ಉತ್ತರ ಕೊಟ್ಟವಳು ಅತ್ತೆ. ಅವಳು ಬಟ್ಟೆ ಮಡಚುತ್ತಾ, ಯಾವುದೋ ಹಳೆಯ ಮಾತು ಹೇಳುವಂತೆ ಹೇಳಿದಳು. "ಅಲ್ಲಾ ರೀ, ಅವರು ಬಸ್ಸಲ್ಲಿ ಯಾವತ್ತಾದ್ರೂ ಜನದ ಮುಖ ನೋಡಿ ಮಾತಾಡಿದ್ದುಂಟಾ? ಜನ ಎಲ್ಲ ಬೆನ್ನ ಹಿಂದೆ ಇರ್ತಿದ್ರು, ಅವರು ರಸ್ತೆ ನೋಡ್ಕೊಂಡು ಬೈತಿದ್ರು. ನೀವು ಎಲ್ಲರನ್ನೂ ತಂದು ಮುಖದ ಮುಂದೆ ನಿಲ್ಲಿಸಿದ್ರೆ ಯಾರಿಗೆ ತಾನೇ ಬಾಯಿ ಬರುತ್ತೆ?"

ಮಾವ ಎದ್ದು ನಿಂತ. ಮಡಚಿದ ಬಟ್ಟೆಯ ರಾಶಿ ಅವನ ಕೈ ತಾಗಿ ಬಿತ್ತು. ಅತ್ತೆ ಅದನ್ನು ಮತ್ತೆ ಮಡಚುವಷ್ಟರಲ್ಲಿ ಅವನು ಗುಡುಗಪ್ಪನ ಮಗಳಿಗೆ ಫೋನ್ ಹಚ್ಚಿಯಾಗಿತ್ತು. ತನ್ನನ್ನು ಕರೆಯದಿದ್ದರೂ ಬೇಡ, ಈ ಒಂದು ಮಾತನ್ನು ಮೇಡಂಗೆ ಮುಟ್ಟಿಸು ಎಂದು ಬೇಡಿಕೊಂಡ.

ಮೇಡಂ ಎರಡು ದಿನ ಯೋಚಿಸಿದರಂತೆ. ತೆರೆ ನೋಡಿದರೆ ಗುಡುಗಪ್ಪನವರಿಗೆ ಪರೀಕ್ಷೆಗೆ ಕೂತಂತೆ ಆಗುತ್ತದೆ ಎಂಬ ಅನುಮಾನ ಅವರಿಗೂ ಇತ್ತು. ಆದರೆ ಪೂರ್ತಿ ಬೆನ್ನು ತಿರುಗಿಸಿ ಕೂರಿಸುವ ಉಪಾಯ ಯಾವ ಪಾಠದಲ್ಲೂ ಇರಲಿಲ್ಲ. ಒಂದೇ ಒಂದು ಸಲ ನೋಡೋಣ ಎಂದು ಒಪ್ಪಿದರು. ಷರತ್ತುಗಳನ್ನು ಅವರೇ ಹಾಕಿದರು. ಮಾವ ಮತ್ತು ಇನ್ನೊಬ್ಬರು ಮಾತ್ರ. ನೀವಿಬ್ಬರೂ ಮುಖ ತೋರಿಸಬಾರದು. ಗುಡುಗಪ್ಪನವರನ್ನು ಏನೂ ಕೇಳಬಾರದು, ನಿಮ್ಮ ನಿಮ್ಮಲ್ಲೇ ಹರಟೆ ಹೊಡೆಯಿರಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರಬೇಕು. ಈ ಕೊನೆಯದನ್ನು ಮಾವನ ಹತ್ತಿರ ಎರಡು ಸಲ ಹೇಳಿಸಿದರು.

ಇನ್ನೊಬ್ಬರು ಎಂದರೆ ಯಾರು? ಮಾವನಿಗೆ ಆ ಆಯ್ಕೆಯೇ ಶಿಕ್ಷೆಯಾಯಿತು. ಸ್ಟಾಪಿನಲ್ಲಿ ನಿಂತವರಲ್ಲಿ ಒಬ್ಬರನ್ನೇ ಹತ್ತಿಸಿಕೊಂಡು ಮಿಕ್ಕವರನ್ನು ಬಿಟ್ಟುಹೋಗುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಒದ್ದಾಡಿ ಒದ್ದಾಡಿ ಮೆಕ್ಯಾನಿಕ್ಕನ್ನು ಆರಿಸಿದ. ಕಾರಣ, ಅವನಿಗೆ ಬಾಯಿ ತೆರೆದರೆ ಮುಚ್ಚಲು ಬರುವುದಿಲ್ಲ.

ಗುಡುಗಪ್ಪನವರ ಕುರ್ಚಿಯನ್ನು ಮಗಳು ಬೀದಿಯ ಕಡೆಯ ಕಿಟಕಿಗೆ ಮುಖ ಮಾಡಿ ಇಟ್ಟಳು. ಫೋನನ್ನು ಅವರ ಬೆನ್ನ ಹಿಂದಿನ ಕಪಾಟಿನ ಮೇಲೆ ನಿಲ್ಲಿಸಿದಳು. ನಮಗೆ ಕಾಣುತ್ತಿದ್ದದ್ದು ಅವರ ನರೆತ ತಲೆ, ಅಗಲ ಭುಜ, ಆಚೆ ಓಡಾಡುವ ಗಾಡಿಗಳು. ಮಾವ ಮತ್ತು ಮೆಕ್ಯಾನಿಕ್ ಮೊದಲು ನಾಚಿಕೊಂಡು ಹವಾಮಾನ ಮಾತಾಡಿದರು. ಆಮೇಲೆ ಮೆಕ್ಯಾನಿಕ್ ಬಸ್ಸಿನ ಹಾರ್ನ್ ಸಿಕ್ಕಿಕೊಂಡ ದಿನದ ಕಥೆಗೆ ಇಳಿದ. ಒಮ್ಮೆ ಹಾರ್ನ್ ನಿಲ್ಲದೆ, ಬಸ್ಸು ಆಸ್ಪತ್ರೆಯ ಮುಂದೆ, ಕೋರ್ಟಿನ ಮುಂದೆ, ಪರೀಕ್ಷೆ ನಡೆಯುತ್ತಿದ್ದ ಶಾಲೆಯ ಮುಂದೆ ಉದ್ದಕ್ಕೂ ಅರಚಿಕೊಂಡು ಹೋಗಿತ್ತು. ಅದನ್ನು ಊರಿಡೀ ಬಲ್ಲದು. ಆದರೆ ಮೆಕ್ಯಾನಿಕ್ ಹೇಳಿದ ಕಥೆಯಲ್ಲಿ ಅವನೇ ಬಸ್ಸಿನ ಪಕ್ಕದಲ್ಲಿ ಓಡಿ, ಓಡುತ್ತಲೇ ಮುಂದಿನ ಮುಚ್ಚಳ ಎತ್ತಿ, ವೈರ್ ಕಿತ್ತು, ಊರನ್ನು ಕಾಪಾಡಿದ್ದ.

ಕಿಟಕಿಯ ಕಡೆ ಇದ್ದ ತಲೆ ಸ್ವಲ್ಪ ಅಲ್ಲಾಡಿತು.

"ಸುಳ್ಳು" ಎಂದಿತು.

ಮಗಳು ಕುರ್ಚಿಯ ಕಡೆಗೆ ಒಂದು ಹೆಜ್ಜೆ ಇಟ್ಟು ನಿಂತದ್ದು ತೆರೆಯ ಅಂಚಿನಲ್ಲಿ ಕಂಡಿತು. ಮಾವ ಬಾಯಿ ತೆರೆದ. ನಾನು ಅವನ ಮೊಣಕೈ ಹಿಡಿದೆ. ಅಷ್ಟರಲ್ಲಿ ತೆರೆಯ ಕೆಳಗೆ ಮೇಡಂ ಬರೆದು ಕಳಿಸಿದ ಸಾಲು ಮೂಡಿತು: ನಿಲ್ಲಿಸಬೇಡಿ, ಇನ್ನಷ್ಟು ಸುಳ್ಳು ಹೇಳಿ.

ಮೆಕ್ಯಾನಿಕ್‌ಗೆ ಜೀವನದಲ್ಲಿ ಮೊದಲ ಸಲ ಅಂಥ ಅಪ್ಪಣೆ ಸಿಕ್ಕಿತ್ತು. ಅವತ್ತು ಡ್ರೈವರು ಹೆದರಿ ಸೀಟಿನಿಂದಲೇ ಇಳಿದುಬಿಟ್ಟಿದ್ದ, ಉಳಿದ ದಾರಿ ಬಸ್ಸನ್ನು ತಾನೇ ಓಡಿಸಿದ್ದು ಎಂದ. ಗುಡುಗಪ್ಪನವರ ಭುಜ ಏರಿತು. ಸುಳ್ಳು, ಸುಳ್ಳು ಎಂದು ಎರಡು ಸಲ ಹೇಳಿ, ಬಹಳ ಹೊತ್ತು ತಡವರಿಸಿ, "ನಾನು... ವೈರ್... ನಾನು" ಎಂದರು. ಎದೆಯ ಮೇಲೆ ಕೈ ಬಡಿದುಕೊಂಡರು. ವೈರ್ ಕಿತ್ತವರು ಅವರೇ. ಮೆಕ್ಯಾನಿಕ್ ಆ ಹೊತ್ತಿನಲ್ಲಿ ಡಿಪೋದ ಟೈರುಗಳ ಹಿಂದೆ ನಿದ್ದೆ ಹೊಡೆಯುತ್ತಿದ್ದ. ಅದನ್ನೂ ಹೇಳಲು ಹೊರಟು, ಪದ ಸಿಗದೆ, ಗೊರಕೆ ಹೊಡೆದು ತೋರಿಸಿದರು. ಮೇಡಂ ಮೈಕ್ ಮುಚ್ಚಿಕೊಂಡು ನಗುತ್ತಿದ್ದರು, ಭುಜ ಕುಲುಕುತ್ತಿದ್ದದ್ದು ಕಂಡಿತು.

ಆಮೇಲೆ ಮೇಡಂ ನಮಗೆ ಬಿಡಿಸಿ ಹೇಳಿದರು. ಬೈಗುಳ, ಹಾಡು, ಜಗಳದ ಮಾತು ಇವೆಲ್ಲ ಬೇಕೆಂದು ಹುಡುಕಿದಾಗ ಬರುವುದಿಲ್ಲ, ತಾವಾಗಿ ಹಾರಿಬರುತ್ತವೆ. ಹಾಗೆ ಬಂದದ್ದನ್ನು ಹಿಡಿದುಕೊಂಡು ಮಿಕ್ಕ ಮಾತಿಗೆ ದಾರಿ ಮಾಡಬೇಕು. ದಾರಿ ಮಾಡುವ ಕೆಲಸ ತಮ್ಮದು, ರೇಗಿಸುವ ಕೆಲಸ ನಿಮ್ಮದು ಎಂದರು. ಅಲ್ಲಿಂದ ಪಾಠದ ಕ್ರಮವೇ ಬದಲಾಯಿತು. ಮೊದಲು ಹರಟೆ, ಆಮೇಲೆ ಮೇಡಂ ಆ ಹರಟೆಯಲ್ಲಿ ಬಂದ ಪದಗಳನ್ನೇ ಹೆಕ್ಕಿ ಮತ್ತೆ ಮತ್ತೆ ಹೇಳಿಸುವರು. ಪ್ರತಿ ಸಲವೂ ಒಬ್ಬರನ್ನು ಹೊಸದಾಗಿ ಸೇರಿಸಬಹುದು, ಒಬ್ಬರನ್ನು ಮಾತ್ರ. ಟೀ ಅಕ್ಕ ಬಂದು, ಗುಡುಗಪ್ಪ ಟೀಗೆ ಸಕ್ಕರೆ ಕೇಳುತ್ತಲೇ ಇರಲಿಲ್ಲ ಎಂದು ಹೇಳಿ, "ಎರಡು ಚಮಚ" ಎಂಬ ಮಾತು ಹೊರಡಿಸಿಹೋದಳು. ದಿನಾ ಮೊದಲ ಟ್ರಿಪ್ಪಿಗೆ ಬರುತ್ತಿದ್ದ ನರ್ಸಮ್ಮ ಬಂದರು. ಮಿಕ್ಕವರು ಮಾವನ ಮನೆಯ ಬಾಗಿಲಿಗೇ ಬಂದು ನಮ್ಮ ಸರದಿ ಯಾವಾಗ ಎಂದು ಕೇಳತೊಡಗಿದರು. ಮಾವ ತಲೆ ತುರಿಸಿಕೊಂಡು, ಮುಂದಿನದಕ್ಕೆ ಬನ್ನಿ ಎಂದು ಹೇಳುವುದನ್ನು ಈ ವಯಸ್ಸಿನಲ್ಲಿ ಕಲಿತ.

ಆದರೂ ಗುಡುಗಪ್ಪನವರ ಮಾತು ಎರಡು ಮೂರು ಪದದಲ್ಲೇ ನಿಲ್ಲುತ್ತಿತ್ತು. ಒಂದು ದಿನ ಮೇಡಂ ಮಾವನನ್ನು ಒಂದು ಪ್ರಶ್ನೆ ಕೇಳಿದರು. "ಇವರಿಗೆ ಯಾರನ್ನ ಕಂಡ್ರೆ ಆಗ್ತಾನೇ ಇರಲಿಲ್ಲ?"

ಮಾವ ಯೋಚಿಸಬೇಕಾಗಲಿಲ್ಲ. ತಪಾಸಣೆಯ ಇನ್ಸ್‌ಪೆಕ್ಟರು. ದಾರಿಯ ಮಧ್ಯೆ ಕೈ ಅಡ್ಡ ಹಿಡಿದು ಬಸ್ಸು ಹತ್ತಿ, ಟಿಕೆಟ್ ನೋಡಿ, ಇಳಿಯುವ ಮುಂಚೆ ಡ್ರೈವರಿಗೆ ಒಂದು ಉಪದೇಶ ಮಾಡದೆ ಹೋಗುತ್ತಿರಲಿಲ್ಲ. ಗುಡುಗಪ್ಪ ಹಾವಾದರೆ ಅವರು ಮುಂಗುಸಿ. ಅವರನ್ನು ಕರೆಯುವುದೆಂದರೆ ಮಾವನಿಗೂ ನಡುಕ. ನನ್ನನ್ನು ಜೊತೆಗೆ ಕರೆದುಕೊಂಡು ಅವರ ಮನೆಗೆ ಹೋದ. ಇನ್ಸ್‌ಪೆಕ್ಟರು ಅಂಗಳದಲ್ಲಿ ಕುಂಡಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಒಂದು ಕುಂಡ ಸಾಲು ತಪ್ಪಿದ್ದಕ್ಕೆ ಮೊಮ್ಮಗನನ್ನು ಬೈಯುವಂತೆ ಅದನ್ನು ಬೈಯುತ್ತಿದ್ದರು. ಮಾವ ಸುತ್ತಿ ಬಳಸಿ ವಿಷಯ ಹೇಳಿದ.

"ಅಂದ್ರೆ, ಬೈಸ್ಕೊಳ್ಳೋಕೆ ಕರೀತಿದ್ದೀಯಾ?" ಎಂದರು ಇನ್ಸ್‌ಪೆಕ್ಟರು.

"ಹೌದು ಸಾರ್. ನೀವು ಬಂದ್ರೆ ಅವನು ಪೂರ್ತಿ ಬೈತಾನೆ ಅಂತ ನಂಬಿಕೆ" ಎಂದ ಮಾವ.

ಅವರು ಕುಂಡದ ಮಣ್ಣು ಕೈಯಿಂದ ಒರೆಸಿಕೊಂಡರು. ಸಮಯ ಎಷ್ಟು ಹೊತ್ತಿಗೆ, ತಡವಾಗಿ ಬರುವವರು ಯಾರಾದರೂ ಇದ್ದಾರೆಯೇ ಎಂದು ಮಾತ್ರ ಕೇಳಿದರು.

ಎಲ್ಲರಿಗಿಂತ ಮೊದಲು ಅವರೇ ಬಂದು ಕಾದಿದ್ದರು. ಮುಖ ಕಾಣುವುದಿಲ್ಲವೆಂದು ಹೇಳಿದ್ದರೂ ಕೋಟು ಹಾಕಿಕೊಂಡಿದ್ದರಂತೆ. ಅದನ್ನು ಅವರ ಸೊಸೆ ಆಮೇಲೆ ಹೇಳಿದಳು. ಹರಟೆ ಶುರುವಾದಾಗ ಗುಡುಗಪ್ಪನವರಿಗೆ ಅವರು ಇರುವುದು ಗೊತ್ತಿರಲಿಲ್ಲ. ಮಾವ ಮತ್ತು ಟೀ ಅಕ್ಕ ಏನೋ ಹೇಳುತ್ತಿದ್ದಾಗ, ಇನ್ಸ್‌ಪೆಕ್ಟರು ಕೆಮ್ಮಿ, ಹಳೆಯ ದನಿಯಲ್ಲಿ, ಗುಡುಗಪ್ಪ ಯಾವತ್ತೂ ಸ್ಟಾಪು ದಾಟಿಯೇ ಬಸ್ ನಿಲ್ಲಿಸುತ್ತಿದ್ದ, ಅವನಿಗೆ ಗೆರೆ ಕಾಣಿಸುತ್ತಿರಲಿಲ್ಲ ಎಂದರು.

ಗುಡುಗಪ್ಪ ಕುರ್ಚಿಯಲ್ಲೇ ನೆಟ್ಟಗಾದರು. ಬೀದಿಯಲ್ಲಿ ಒಂದು ಲಾರಿ ಹೋಯಿತು.

"ನಿನ್ನ... ನಿನ್ನ ಹೊಟ್ಟೆ ಅಡ್ಡ ಇತ್ತು. ಗೆರೆ ಎಲ್ಲಿ ಕಾಣುತ್ತೆ" ಎಂದರು.

ತಡವರಿಸಿದ್ದು ಮೊದಲ ಪದಕ್ಕೆ ಮಾತ್ರ. ಮಿಕ್ಕದ್ದು ಇಳಿಜಾರಿನಲ್ಲಿ ಬಿಟ್ಟ ಗಾಡಿಯ ಹಾಗೆ ಬಂತು. ಮಾವ ಸಕ್ಕರೆ ಡಬ್ಬಿಯನ್ನೇ ತಬ್ಬಿಕೊಂಡ. ಇನ್ಸ್‌ಪೆಕ್ಟರಿಗೆ ಬೇಜಾರಾಯಿತೇನೋ ಎಂದು ಎಲ್ಲರಿಗೂ ಅಳುಕು. ಮತ್ತೆ ಅವರ ದನಿ ಕೇಳಿಸಿದಾಗ ಒದ್ದೆಯಾಗಿತ್ತು. "ಬೈದ. ಪೂರ್ತಿ ಬೈದ ನೋಡಿ ಮೇಡಂ. ಬರ್ಕೊಳ್ಳಿ."

ಆಗ ಗುಡುಗಪ್ಪ ಕುರ್ಚಿಯ ಕೈ ಹಿಡಿದು ತಾವೇ ಹಿಂದಕ್ಕೆ ತಿರುಗಲು ಹೊರಟರು. ಮಗಳು ಓಡಿಬಂದು ಸಹಾಯ ಮಾಡಿದಳು. ಬಹಳ ದಿನದ ಮೇಲೆ ಅವರ ಮುಖ ತೆರೆಯ ಪೂರ್ತಿ ತುಂಬಿತು. ಅವರು ಕಣ್ಣು ಕಿರಿದಾಗಿಸಿ ಶತ್ರುವಿನ ಮುಖ ಹುಡುಕುತ್ತಿದ್ದರು. ಇನ್ಸ್‌ಪೆಕ್ಟರು ಕ್ಯಾಮೆರಾ ತೆರೆಯುವ ಗುಂಡಿ ಸಿಗದೆ ಸೊಸೆಯನ್ನು ಕೂಗುತ್ತಿದ್ದರು.

ಈಗ ಗುಡುಗಪ್ಪನವರಿಗೆ ಅರ್ಧ ಮಾತು ಬರುತ್ತದೆ. ಲೋಟಕ್ಕೆ ಬೀಗದ ಕೈ ಎನ್ನುತ್ತಾರೆ, ಮಗಳಿಗೆ ಒಮ್ಮೊಮ್ಮೆ ನರ್ಸಮ್ಮ ಎನ್ನುತ್ತಾರೆ. ಬೈಗುಳದಲ್ಲಿ ಮಾತ್ರ ಒಂದು ಅಕ್ಷರವೂ ಆಚೀಚೆ ಆಗುವುದಿಲ್ಲ. ಇನ್ನೂ ಬಹಳ ದಾರಿ ಇದೆ, ಪೂರ್ತಿ ಬರದೆಯೂ ಇರಬಹುದು ಎಂದು ಮೇಡಂ ಮುಚ್ಚಿಡದೆ ಹೇಳಿದ್ದಾರೆ.

ಮೊನ್ನೆ ಮಾವ ಮನಸ್ಸು ತಡೆಯದೆ ಗೆಳೆಯನನ್ನು ನೋಡಿಬರಲು ಅವರ ಊರಿಗೇ ಹೊರಟ. ನನ್ನನ್ನೂ ಎಳೆದುಕೊಂಡು ಹೋದ. ಬಾಗಿಲಲ್ಲಿ ಇಬ್ಬರೂ ಕೈ ಹಿಡಿದುಕೊಂಡು ಸುಮ್ಮನೆ ನಿಂತರು. ಒಳಗೆ ಬಂದು ಎದುರುಬದುರು ಕೂತರು. ಮಗಳು ಟೀ ತಂದಳು, ಕುಡಿದರು. ಮಾವ ಗೋಡೆ ನೋಡಿದ, ಅವರು ನೆಲ ನೋಡಿದರು. ಹೊಸ ಸಂಬಂಧ ನೋಡಲು ಬಂದವರ ಹಾಗೆ ಇಬ್ಬರಿಗೂ ಎಲ್ಲಿಲ್ಲದ ಸಂಕೋಚ. ಫೋನಿನಲ್ಲಿ ಹರಿಯುತ್ತಿದ್ದ ಮಾತು ಆ ಕೋಣೆಯಲ್ಲಿ ಒಂದು ಹನಿಯೂ ಇಲ್ಲ.

ಮಗಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಫೋನ್ ತೆಗೆದು, ಮೆಕ್ಯಾನಿಕ್‌ಗೆ ಕರೆ ಹಚ್ಚಿ, ಇಬ್ಬರ ನಡುವಿನ ಮೇಜಿನ ಮೇಲೆ ಇಟ್ಟಳು. ಅವನು, ಜಾಗಣ್ಣನಿಗೆ ಕೆಲಸ ಕಲಿಸಿದ್ದೇ ತಾನು ಎಂದು ಶುರುಮಾಡುವಷ್ಟರಲ್ಲಿ ಇಬ್ಬರೂ ಒಟ್ಟಿಗೆ ಅವನ ಮೇಲೆ ಬಿದ್ದರು. ಮಗಳು ಖಾಲಿ ಲೋಟಗಳನ್ನು ಎತ್ತಿಕೊಳ್ಳುತ್ತಾ, "ಚಿಕ್ಕಪ್ಪ, ಇನ್ಸ್‌ಪೆಕ್ಟರನ್ನೂ ಸೇರಿಸ್ಲಾ?" ಎಂದು ಕೇಳಿದಳು. ಮಾವ ಉತ್ತರ ಕೊಡುವ ಮೊದಲೇ ಗುಡುಗಪ್ಪ ಹೌದೆಂದು ತಲೆ ಆಡಿಸಿ, ಜಗಳಕ್ಕೆ ಇಳಿಯುವವರಂತೆ ಅಂಗಿಯ ತೋಳು ಮೇಲಕ್ಕೆ ಸರಿಸಿಕೊಂಡರು.